ಕೊನೆಯ ನಲ್ಲಿ

ಆ ಭಾನುವಾರ ಮಕ್ಕಳ ಕ್ಲಾಸಿಗೆ ಚಿಟ್ಟೆ ಬರಲಿಲ್ಲ.

ಚಿಟ್ಟೆ ಎಂದರೆ ಆರು ವರ್ಷದ ಹುಡುಗಿ. ಒಂದು ಕಡೆ ಕೂರುವವಳಲ್ಲ, ಅದಕ್ಕೇ ಆ ಹೆಸರು. ಆದರೂ ಭಾನುವಾರ ಬೆಳಿಗ್ಗೆ ಎಂಟಕ್ಕೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮುಂದಿನ ಚಾಪೆ ಅವಳದೇ. ಅವಳಜ್ಜಿ ಊರವರ ಬಟ್ಟೆಗೆ ಇಸ್ತ್ರಿ ಹಾಕುವವಳು. ಮೊಮ್ಮಗಳ ಫ್ರಾಕಿನ ಮಡಿಕೆ ಮುಟ್ಟಿದರೆ ಕೈ ಕೊಯ್ಯುವಂತಿರುತ್ತಿತ್ತು.

"ಚಿಟ್ಟೆ ಎಲ್ರೋ?" ಎಂದು ಟೀಚರಮ್ಮ ಕೇಳಿದಳು.

"ಅವಳಿಗೆ ವಾಂತಿ ಭೇದಿ ಟೀಚರ್," ಎಂದಳು ಅದೇ ಬೀದಿಯ ಇನ್ನೊಂದು ಹುಡುಗಿ. "ನಮ್ಮಣ್ಣಂಗೂ. ಎದುರುಮನೆ ತಾತಂಗೂ. ನಮ್ಮ ಬೀದೀಲಿ ಬಕೆಟ್ಟೇ ಸಾಲ್ತಿಲ್ಲ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಟೀಚರಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಕರಿಹಲಗೆಯ ಮೇಲೆ ಅವಳು ಆಗಷ್ಟೇ ಬರೆದಿದ್ದ ಪಾಠದ ಹೆಸರು, 'ಚಿಕ್ಕ ಕೆಲಸದಲ್ಲೂ ನಂಬಿಗಸ್ತರಾಗಿರುವುದು'. ಸಿಕ್ಕಿದ ರಬ್ಬರು ಹಿಂದಿರುಗಿಸುವುದು, ಅಮ್ಮ ಹೇಳಿದಷ್ಟು ಹೊತ್ತು ತಮ್ಮನನ್ನು ನೋಡಿಕೊಳ್ಳುವುದು ಎಂದು ಮಕ್ಕಳು ಒಂದೊಂದೇ ಉದಾಹರಣೆ ಹೇಳುತ್ತಿದ್ದರು. ಆಮೇಲೆ ಯಾರು ಏನು ಹೇಳಿದರೋ ಅವಳಿಗೆ ಕೇಳಿಸಲಿಲ್ಲ. ಚಿಟ್ಟೆಯ ಮನೆ ಇದ್ದದ್ದು ಕೆಳಬೀದಿಯ ತುದಿಯಲ್ಲಿ. ಆ ಮನೆಯ ಗೋಡೆಗೆ ಒತ್ತಿಕೊಂಡೇ ಊರಿನ ಕೊನೆಯ ನಲ್ಲಿ.

ಟೀಚರಮ್ಮ ಎಂದು ಕರೆದರೂ ಅವಳು ಓದಿದ್ದು ಏಳನೇ ಕ್ಲಾಸು. ಗಂಡ ನೀರಿನ ಟ್ಯಾಂಕು ನೋಡಿಕೊಳ್ಳುವವನು. ಮನೆ ಟ್ಯಾಂಕಿನ ಕಾಂಪೌಂಡಿನೊಳಗೇ, ನೀರಿನ ಇಲಾಖೆಯವರು ಕೊಟ್ಟದ್ದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸಲು ಒಂದಿಷ್ಟು ಜಾಗ. ಅವಳ ಮಾವನೂ ಅದೇ ಕೆಲಸ ಮಾಡಿ ಅದೇ ಮನೆಯಲ್ಲಿ ಕಣ್ಣು ಮುಚ್ಚಿದ್ದರು. ಈಗ ಮನೆಯಲ್ಲಿ ಅವಳು, ಗಂಡ, ಅತ್ತೆ, ಕಾಲೇಜಿಗೆ ಹೋಗುವ ಮಗಳು.

ಟ್ಯಾಂಕಿನ ನೀರಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಪೈಪಿನಲ್ಲಿ ಹೋಗುತ್ತ ಹೋಗುತ್ತ ಅದರ ಕಸುವು ಇಳಿಯುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಯಾರಾದರೂ ಕೊನೆಯ ನಲ್ಲಿಗೆ ಹೋಗಿ, ಬೆರಳುದ್ದದ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಐದು ಹನಿ ಔಷಧ ಬಿಟ್ಟು ನೋಡಬೇಕು. ಹಳದಿ ಬಂದರೆ ನೀರು ಕುಡಿಯಬಹುದು. ಬಣ್ಣ ಬರದಿದ್ದರೆ ನಡುದಾರಿಯಲ್ಲಿ ಏನೋ ಕೆಟ್ಟಿದೆ, ಪೈಪಿಗೆ ಕೊಳಕು ಸೇರುತ್ತಿದೆ ಎಂದು ಲೆಕ್ಕ. ಟ್ಯಾಂಕಿನ ಬುಡದ ನಲ್ಲಿಯಲ್ಲಿ ನೋಡಿ ಪ್ರಯೋಜನವಿಲ್ಲ, ಅಲ್ಲಿ ಯಾವತ್ತೂ ಹಳದಿಯೇ.

ಗಂಡ ಐದು ಗಂಟೆಗೆ ವಾಲ್ವ್ ತಿರುಗಿಸಲು ಹೊರಟರೆ ಮೇಲಿನ ಬೀದಿಗಳನ್ನೆಲ್ಲ ಮುಗಿಸಿ ಬರುವಾಗ ಒಂಬತ್ತು. ಹಾಗಾಗಿ ಔಷಧದ ಪೆಟ್ಟಿಗೆ ಹೆಂಡತಿಯ ಕೈಗೆ ಬಂತು. ಕೊನೆಯ ನಲ್ಲಿಗೆ ಹೋಗಿಬರಲು ಮುಕ್ಕಾಲು ಗಂಟೆ. ಅವಳು ಎರಡು ವರ್ಷ ತಪ್ಪದೆ ನಡೆದಳು. ಒಂದು ಭಾನುವಾರ ಕ್ಲಾಸಿಗೆ ತಡವಾಯಿತು. ಮಕ್ಕಳು ಬಿಸಿಲಲ್ಲಿ ನಿಂತಿದ್ದರು, ಪಾಸ್ಟರು ಗಡಿಯಾರ ನೋಡಿದರು. ಮುಂದಿನ ಭಾನುವಾರ ಅವಳು ಅಡುಗೆಮನೆಯ ನಲ್ಲಿಯಲ್ಲೇ ಕೊಳವೆ ಹಿಡಿದಳು. ಹಳದಿ ಬಂತು. ಪುಸ್ತಕದಲ್ಲಿ 'ಕೊನೆಯ ನಲ್ಲಿ, ಹಳದಿ' ಎಂದು ಬರೆದು ಬೈಬಲು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಹೋಗುತ್ತಿರುವುದು ದೇವರ ಕೆಲಸಕ್ಕೇ ತಾನೆ ಎಂದುಕೊಂಡಳು. ಆಮೇಲೆ ಬುಧವಾರ, ಹೆಂಗಸರ ಪ್ರಾರ್ಥನೆಯ ದಿನ. ಆಮೇಲೆ ಮಳೆ ಬಂದ ದಿನ, ಸೊಂಟ ಹಿಡಿದ ದಿನ. ಆಮೇಲೆ ಯಾವ ದಿನವೂ ಅವಳು ಕೆಳಬೀದಿಗೆ ಇಳಿಯಲಿಲ್ಲ.

ಏಳು ತಿಂಗಳಾಗಿತ್ತು. ಗಂಡ ವಾರಕ್ಕೊಮ್ಮೆ ಪುಸ್ತಕದಲ್ಲಿ ಏಳು ಸಹಿ ಒಟ್ಟಿಗೆ ಎಳೆಯುತ್ತಿದ್ದ. ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ.

ಮಂಗಳವಾರದ ಹೊತ್ತಿಗೆ ಕೆಳಬೀದಿಯಲ್ಲಿ ಹನ್ನೊಂದು ಮನೆಯವರು ಮಲಗಿದ್ದರು. ಆರೋಗ್ಯ ಇಲಾಖೆಯವರು ಬಂದರು, ಬೀದಿ ಸುತ್ತಿದರು, ಟ್ಯಾಂಕಿಗೆ ಬಂದು ಪುಸ್ತಕ ತೆಗೆಸಿ ಫೋಟೋ ಹೊಡೆದುಕೊಂಡರು. ಸಂಜೆ ಊಟಕ್ಕೆ ಕೂತಾಗ ಗಂಡನ ಮುಖದಲ್ಲಿ ಕಳೆ ಬಂದಿತ್ತು.

"ಸದ್ಯ, ಬಚಾವು," ಎಂದ. "ಏಳು ತಿಂಗಳಲ್ಲಿ ಒಂದು ದಿನ ಖಾಲಿ ಇಲ್ಲ, ಎಲ್ಲಾ ಹಳದಿ. ನೋಡಿ ಅವರೇ ಬೆರಗಾದ್ರು. ನೀರಲ್ಲಿ ತಪ್ಪಿಲ್ಲ, ತಿನ್ನೋದ್ರಲ್ಲಿದೆ ಅಂದ್ರು. ಆ ಮೊಟ್ಟೆ ಗಾಡಿಯವಳ ಗಾಡಿಗೆ ಬೀಗ ಹಾಕಿದ್ರು."

"ಯಾರಪ್ಪಾ, ಮೂಲೇಲಿ ಮೊಟ್ಟೆ ಬ್ರೆಡ್ಡು ಮಾರೋಳಾ?" ಎಂದಳು ಮಗಳು. "ಅವಳ ಕೈ ನಮ್ಮ ಕೈಗಿಂತ ಕ್ಲೀನು."

"ಅದನ್ನ ನನ್ಹತ್ರ ಹೇಳಿದ್ರೆ? ಅವರ ಹತ್ರ ಹೇಳು ಹೋಗು."

"ಮೊದಲು ಪ್ರಾರ್ಥನೆ," ಎಂದು ಅತ್ತೆ ಗದರಿದರು. ಎಲ್ಲರೂ ಕಣ್ಣು ಮುಚ್ಚಿದರು. ಅತ್ತೆ ಅನ್ನಕ್ಕಾಗಿ, ನೀರಿಗಾಗಿ, ತಲೆಯ ಮೇಲಿನ ಸೂರಿಗಾಗಿ ಸ್ತೋತ್ರ ಮಾಡಿ, ರೋಗದಲ್ಲಿ ಬಿದ್ದವರನ್ನು ಎಬ್ಬಿಸು ಕರ್ತನೇ ಎಂದು ಮುಗಿಸಿದರು. ಮೂರು ಆಮೆನ್ ಕೇಳಿಸಿತು.

"ನಿನಗೇನು, ನಾಲಿಗೆ ಬಿದ್ದುಹೋಯ್ತಾ?" ಎಂದರು ಅತ್ತೆ ಸೊಸೆಗೆ.

"ಬೇಳೆ ತಳ ಹಿಡೀತಿತ್ತೇನೋ ಅಂತ ನೋಡ್ತಿದ್ದೆ ಅತ್ತೆ."

"ಒಲೆ ಆರಿಸಿ ಅರ್ಧ ಗಂಟೆ ಆಯ್ತು. ಅದು ಹೇಗೆ ಹಿಡಿಯುತ್ತೆ?"

ಮಗಳು ಪುಸ್ತಕವನ್ನು ಎಳೆದುಕೊಂಡು ಊಟದ ನಡುವೆಯೇ ಹಾಳೆ ತಿರುವುತ್ತಿದ್ದಳು. "ಒಂದು ದಿನಾನೂ ಬಣ್ಣ ತೆಳು ಆಗಿಲ್ವಾ ಅಮ್ಮಾ? ನಮ್ಮ ಲ್ಯಾಬಲ್ಲಿ ಉತ್ತರ ಇಷ್ಟು ಸರಿಯಾಗಿ ಬಂದ್ರೆ ಮೇಡಂ ಯಾರದ್ದು ಕಾಪಿ ಹೊಡೆದೆ ಅಂತ ಕೇಳ್ತಾರೆ."

ಅಪ್ಪ ನಕ್ಕ. ಅಜ್ಜಿ ನಕ್ಕರು. ನೀರು ಬಡಿಸಲು ಎದ್ದ ಅಮ್ಮನ ಕೈಯಿಂದ ಲೋಟ ಜಾರಿ, ಗೋಡೆಯ ತನಕ ಉರುಳಿಕೊಂಡು ಹೋಯಿತು.

ಮರುದಿನ ಬುಧವಾರ. ಅವಳು ಹೆಂಗಸರ ಪ್ರಾರ್ಥನೆಗೆ ಹೋಗಲಿಲ್ಲ. ಪೆಟ್ಟಿಗೆಯನ್ನು ಸೆರಗಿನೊಳಗೆ ಹಿಡಿದು ಕೆಳಬೀದಿಗೆ ಇಳಿದಳು. ಏಳು ತಿಂಗಳಲ್ಲಿ ಬೀದಿ ಬದಲಾಗಿತ್ತು. ಚರಂಡಿ ಅಗೆದು, ಅರ್ಧಕ್ಕೆ ಬಿಟ್ಟು, ಕಲ್ಲು ರಾಶಿ ಹಾಕಿದ್ದರು. ಯಾವ ಮನೆಯ ಮುಂದೆ ನೋಡಿದರೂ ಒಗೆದ ಚಾದರ. ಮೊಟ್ಟೆ ಗಾಡಿ ಮೂಲೆಯಲ್ಲಿ ಬೀಗ ಹಾಕಿಸಿಕೊಂಡು ನಿಂತಿತ್ತು. ಅದರ ಮೇಲೆ ಯಾರೋ ಇದ್ದಿಲಿನಲ್ಲಿ ಕೆಟ್ಟ ಮಾತು ಗೀಚಿದ್ದರು. ಚಿಟ್ಟೆಯ ಅಜ್ಜಿ ಇಸ್ತ್ರಿಯಮ್ಮನ ಬಾಗಿಲು ಮುಚ್ಚಿತ್ತು. ಚಿಟ್ಟೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಎದುರುಮನೆಯಿಂದ ಯಾರೋ ಕೂಗಿ ಹೇಳಿದರು.

ಕೊಳವೆ ತುಂಬಿ ಐದು ಹನಿ ಬಿಟ್ಟಳು. ಬಿಳಿ ಕಾಗದದ ಎದುರು ಹಿಡಿದಳು. ಬಣ್ಣ ಬರಲಿಲ್ಲ. ಚೆಲ್ಲಿ, ತೊಳೆದು, ಮತ್ತೆ ಹಿಡಿದಳು. ಐದರ ಬದಲು ಹತ್ತು ಹನಿ ಬಿಟ್ಟಳು. ನೀರು ಹಿಡಿದಾಗ ಹೇಗಿತ್ತೋ ಹಾಗೇ ಇತ್ತು. ಅವಳು ಗೋಡೆ ಹಿಡಿದುಕೊಂಡಳು. ಆಗ ಗೋಡೆಗೆ ಆರೋಗ್ಯ ಇಲಾಖೆಯವರು ಅಂಟಿಸಿದ್ದ ಕಾಗದ ಕಣ್ಣಿಗೆ ಬಿತ್ತು. 'ಪ್ರತಿದಿನ ಪರೀಕ್ಷಿಸಲಾಗಿದೆ. ಈ ನೀರು ಕುಡಿಯಲು ಯೋಗ್ಯವಾಗಿದೆ.' ಕೆಳಗೆ ಗುಂಡನೆಯ ಮುದ್ರೆ.

ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಹೇಳಿದಳು. ನಿಂತುಕೊಂಡೇ ಹೇಳಿದಳು, ಅಡುಗೆಮನೆಯ ನಲ್ಲಿಯನ್ನು ತೋರಿಸಿ. ಗಂಡ ತುತ್ತು ಎತ್ತಿದವನು ಹಾಗೇ ಉಳಿದ.

"ಎಷ್ಟು ದಿನದಿಂದ?"

"ಏಳು ತಿಂಗಳು."

"ಏಳು..." ತುತ್ತು ತಟ್ಟೆಗೆ ಬಿತ್ತು. "ನನಗ್ಯಾಕೆ ಹೇಳಿದೆ ಕಣೇ? ಗೊತ್ತಿಲ್ಲದೆ ಇದ್ದಿದ್ರೆ ಯಾರು ಬಂದು ಕೇಳಿದ್ರೂ ಎದೆ ಮುಟ್ಕೊಂಡು ಹೇಳ್ತಿದ್ದೆ. ಈಗ ಹೇಗೆ ಹೇಳ್ಲಿ?"

"ನಿಮಗೆ ಹೇಳದೆ ಇನ್ಯಾರಿಗೆ ಹೇಳ್ಲಿ ರೀ?"

"ಭಾನುವಾರ ಭಾನುವಾರ ಮಕ್ಕಳಿಗೆ ಅಷ್ಟುದ್ದ ಹೇಳಿಕೊಡ್ತೀಯಲ್ಲ, ಆಗ ನೆನಪಾಗ್ಲಿಲ್ವಾ?"

"ಏಳೇಳು ಸಹಿ ಒಂದೇ ಉಸಿರಿಗೆ ಹಾಕ್ತಿದ್ರಲ್ಲ, ನೀವು ಒಂದು ದಿನ ಕೇಳಿದ್ರಾ?"

"ನಂಬಿದ್ದೆ. ಅದೂ ತಪ್ಪಾ?"

ಕಾಲೇಜಿಂದ ಬಂದ ಮಗಳು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು. ನಿನ್ನೆ ಮಾಡಿದ ತಮಾಷೆ ನೆನಪಾಗಿ ಅವಳು ಚೀಲ ಕೆಳಗಿಟ್ಟು ಒಳಗೆ ಬಂದಳು. "ಅಪ್ಪಾ, ಇವತ್ತಿಂದ ಬಣ್ಣ ಬರ್ತಿಲ್ಲ ಅಂತ ಬರೆದು ಆಫೀಸಿಗೆ ಕೊಡಿ. ಪೈಪ್ ಅಗೀಲಿ."

"ಬುದ್ಧಿವಂತೆ! ನಿನ್ನೆವರೆಗೆ ಹಳದಿ, ಇವತ್ತು ಏನೂ ಇಲ್ಲ. ಜನ ಮಲಗಿ ನಾಲ್ಕು ದಿನ ಆಯ್ತು. ಈ ಲೆಕ್ಕ ಒಂದನೇ ಕ್ಲಾಸಿನ ಮಗೂಗೂ ಸಿಗುತ್ತೆ. ಮೊದಲು ಕೆಲಸ ಹೋಗುತ್ತೆ, ಹಿಂದೇನೇ ಮನೆ ಹೋಗುತ್ತೆ. ಆಮೇಲೆ ಜೈಲೋ ಏನೋ."

ಒಳಗಿಂದ ಅತ್ತೆಯ ಮಂಚ ಕಿರುಗುಟ್ಟಿತು. ಅವರು ಗೋಡೆ ಹಿಡಿದುಕೊಂಡು ಬಂದರು. ಯಾರ ಕಡೆಯೂ ನೋಡದೆ ಸೊಸೆಯ ಮುಂದೆ ನಿಂತರು.

"ನಿನ್ನ ಮಾವನಿಗೆ ಮೊಣಕಾಲು ಹೋದಾಗ ಐದು ವರ್ಷ ನಾನು ನಡೆದಿದೀನಿ, ಆ ಹಾಳು ನಲ್ಲಿಗೆ. ಯಾರಿಗೂ ಗೊತ್ತಿಲ್ಲ, ಪುಸ್ತಕದಲ್ಲಿ ಅವರ ಹೆಸರೇ. ಜ್ವರ ಬಂದ್ರೂ ನಡೆದೆ. ನಿನಗೆ ಏನಾಗಿತ್ತು ರೋಗ?"

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅನ್ನೋದು ನನ್ನ ಹತ್ರ ಇರ್ಲಿ. ಹೊರಗೆ ಬಾಯಿ ಬಿಟ್ಟೀಯಾ ಜೋಕೆ. ಈ ವಯಸ್ಸಲ್ಲಿ ನನ್ನ ಮಂಚ ಯಾವ ಬೀದೀಲಿ ಹಾಕ್ತೀಯಾ?"

ಅತ್ತೆಯ ಗದ್ದ ಅದುರುತ್ತಿತ್ತು. ಸಿಟ್ಟಲ್ಲ ಅದು. ಮದುವೆಯಾಗಿ ಬಂದ ಇಪ್ಪತ್ತು ವರ್ಷಗಳಲ್ಲಿ ಆ ಹೆಂಗಸು ಹೆದರಿದ್ದನ್ನು ಸೊಸೆ ನೋಡಿದ್ದು ಅದೇ ಮೊದಲು.

ಆ ವಾರ ಮನೆಯವರೆಲ್ಲ ತಮಗೆ ತೋಚಿದ್ದು ಮಾಡಿದರು. ಗಂಡ ಟ್ಯಾಂಕಿಗೆ ಎರಡರಷ್ಟು ಪುಡಿ ಸುರಿದ. ಅಡುಗೆಮನೆಯ ನೀರು ಮೂಗಿಗೆ ಹೊಡೆಯತೊಡಗಿತು, ಅನ್ನ ನಾರತೊಡಗಿತು. "ಈ ಚಹಾ ಕುಡಿದ್ರೆ ಹೊಟ್ಟೆ ಒಗೆದು ಹಿಂಡಿ ಹಗ್ಗದ ಮೇಲೆ ಹಾಕಿದ ಹಾಗಾಗುತ್ತೆ," ಎಂದು ಅತ್ತೆ ಲೋಟ ಪಕ್ಕಕ್ಕಿಟ್ಟರು. ಆದರೆ ಕೊನೆಯ ನಲ್ಲಿಯಲ್ಲಿ ಬಣ್ಣ ಬರಲಿಲ್ಲ. ಗುರುವಾರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಪುಸ್ತಕದಲ್ಲಿ ಆ ದಿನಗಳ ಮುಂದೆ ಅವಳು ಏನೂ ಬರೆಯಲಿಲ್ಲ. ಗಂಡ ನೋಡಿದ, ಬೈಯಲಿಲ್ಲ, ಬರೆ ಎನ್ನಲೂ ಇಲ್ಲ. ಶನಿವಾರ ಅವನು ಸಲಿಕೆ ಹಿಡಿದು ಪೈಪಿನ ಜಾಡು ಹುಡುಕಿಕೊಂಡು ಹೋದ. ಪೈಪು ಕೆಳಬೀದಿಯ ಉದ್ದಕ್ಕೂ ಚರಂಡಿಯ ಕೆಳಗೇ ಹೋಗಿತ್ತು. ಒಬ್ಬನ ಕೈಯಲ್ಲಿ ಆಗುವುದಲ್ಲ. ಮೊಣಕೈ ತನಕ ಕೆಸರು ಮಾಡಿಕೊಂಡು ಬಂದು ಹಿತ್ತಲಲ್ಲಿ ತುಂಬಾ ಹೊತ್ತು ಕೈ ತೊಳೆದ.

ಮಗಳು ಓದುವ ಪುಸ್ತಕ ತೆರೆದಿಟ್ಟುಕೊಂಡು ಅದೇ ಹಾಳೆ ನೋಡುತ್ತಿದ್ದಳು. ಗೇಟಿನಲ್ಲಿ ಸೈಕಲ್ಲು ನಿಂತ ಸದ್ದಾದರೆ ಸಾಕು, ನಾಲ್ಕು ಜನರೂ ತಲೆ ಎತ್ತುತ್ತಿದ್ದರು.

ಭಾನುವಾರ ಪಾಸ್ಟರು ಕಾಯಿಲೆಯವರ ಹೆಸರುಗಳನ್ನು ಓದಿ ಪ್ರಾರ್ಥಿಸಿದರು. ಮೊದಲ ಹೆಸರು ಚಿಟ್ಟೆಯದು. ಮೊಟ್ಟೆ ಗಾಡಿಯವಳು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅವಳ ಎರಡೂ ಪಕ್ಕ ಜಾಗ ಖಾಲಿ.

ಸೋಮವಾರ ಟೀಚರಮ್ಮ ಕೆಳಬೀದಿಯಲ್ಲಿ ಮನೆಮನೆಗೆ ಹೋಗಿ ನೀರು ಕುದಿಸಿ ಕುಡಿಯಿರಿ ಎಂದು ಹೇಳತೊಡಗಿದಳು. ಏಕೆ ಎಂದು ಹೇಳಲಿಲ್ಲ. ಕೆಲವರು ಹೂಂ ಎಂದರು, ಕೆಲವರು ಗೋಡೆಯ ಕಾಗದ ತೋರಿಸಿದರು. ಕೊನೆಯ ಮನೆಯಲ್ಲಿ ಇಸ್ತ್ರಿಯಮ್ಮ ಇದ್ದಳು. ಆಸ್ಪತ್ರೆಯಿಂದ ಬಟ್ಟೆ ಬದಲಾಯಿಸಲು ಬಂದವಳು, ಒಪ್ಪಿಕೊಂಡ ಬಟ್ಟೆ ಬಿಡಲಾಗದೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿಸಿಕೊಂಡು ನಿಂತಿದ್ದಳು.

"ಚಿಟ್ಟೆ ಹೇಗಿದಾಳಮ್ಮ?"

"ಕೈಗೆ ಸೂಜಿ ಚುಚ್ಚಿ ಬಾಟ್ಲಿ ಏರಿಸಿದಾರೆ. ಕಣ್ಣು ಬಿಡ್ತಾಳೆ, ಮಾತಿಲ್ಲ. ಸುಮ್ಮನೆ ಮಲಗಿದಾಳೆ. ನಮ್ಮ ಚಿಟ್ಟೆ, ಸುಮ್ಮನೆ!" ಇಸ್ತ್ರಿಯಮ್ಮ ಒಂದು ಅಂಗಿಯ ತೋಳನ್ನು ಎರಡೆರಡು ಸಲ ಒತ್ತಿದಳು.

"ನೀರು ಕುದಿಸಿ ಕುಡೀರಮ್ಮ."

"ನಿಮ್ಮ ನೀರು ಚೆನ್ನಾಗಿದೆ ಅಂತ ಕಾಗದ ಅಂಟಿಸಿ ಹೋಗಿದಾರಲ್ಲ ಟೀಚರಮ್ಮ. ದಿನಾ ಬೆಳಿಗ್ಗೆ ಇಲ್ಲೇ ಬಂದು ನೋಡ್ತೀರಂತೆ?"

ಟೀಚರಮ್ಮ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದಿಟ್ಟಳು.

"ಐದು ಗಂಟೆಗೇ ಬಾಗಿಲು ತೆಗೆದು ಇಲ್ಲೇ ನಿಂತಿರ್ತೀನಿ ನಾನು. ಮುಂಚೆ ಕಾಣಿಸ್ತಿದ್ರಿ. ಮೊನ್ನೆ ಮೊನ್ನೆವರೆಗೆ ಒಂದು ದಿನಾನೂ ಕಾಣ್ಲಿಲ್ವಲ್ಲ?"

"ನೀವು... ಒಳಗಿರ್ತಿದ್ರೇನೋ."

ಬಾಯಿಂದ ಬಂದುಬಿಟ್ಟಿತು. ಇಸ್ತ್ರಿಯಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ತಾನೇ ತಪ್ಪು ಮಾಡಿದವಳಂತೆ ತಲೆಯಾಡಿಸಿದಳು. "ಇರ್ಬಹುದು ತಾಯಿ. ಮುದುಕಿ ಕಣ್ಣು. ನೀವು ಸುಳ್ಳು ಹೇಳ್ತೀರಾ? ನಮ್ಮ ಮಗೂಗೆ ದೇವರ ಹೆಸರು ಕಲಿಸಿದೋರು."

ಟೀಚರಮ್ಮ ಏರು ಹತ್ತಿ ಮನೆ ಸೇರುವ ತನಕ ಎಲ್ಲೂ ನಿಲ್ಲಲಿಲ್ಲ. ಹಿತ್ತಲಿಗೆ ಹೋಗಿ ವಾಂತಿ ಮಾಡಿದಳು. ಮಗಳು ಓಡಿಬಂದು ಬೆನ್ನು ಹಿಡಿದಳು. "ಅಮ್ಮಾ, ನಿನಗೂ ಬಂತಾ?" ಎಂದು ಅಳತೊಡಗಿದಳು.

"ಕಾಯಿಲೆ ಅಲ್ಲ ಕಣೇ. ಬಾಯಿ ತೊಳ್ಕೊಳ್ಳೋಕೆ ನೀರು ಕೊಡು."

ಆ ವಾರ ಕೆಳಬೀದಿಯಲ್ಲಿ ಮತ್ತೆ ಐದು ಮನೆಯವರು ಮಲಗಿದರು. ಗಾಡಿಗೆ ಬೀಗ ಬಿದ್ದು ಹತ್ತು ದಿನವಾಗಿದ್ದರೂ ಯಾರೂ ಗಾಡಿಯವಳನ್ನು ಬಿಡಲಿಲ್ಲ. ಕದ್ದು ಮಾರುತ್ತಿದ್ದಾಳೆ ಎಂದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನೀರಿನ ಇಲಾಖೆಯ ಇಂಜಿನಿಯರು ಬಂದರು. ಕನ್ನಡಕ ಒರೆಸಿಕೊಳ್ಳುತ್ತ ಊಟದ ಮೇಜಿಗೇ ಕೂತರು. ಮೆದು ಮಾತಿನ ಮನುಷ್ಯ. ಪುಸ್ತಕ ತಿರುವಿ ಮೆಚ್ಚಿಕೊಂಡರು.

"ಎಲ್ಲಾ ಟ್ಯಾಂಕಿನೋರೂ ನಿಮ್ಮ ಹಾಗೆ ಬರೆದಿದ್ರೆ ನನಗೆ ತಲೆನೋವೇ ಇರ್ತಿರಲಿಲ್ಲ. ಈ ಹತ್ತು ದಿನದ್ದು ಯಾಕೆ ಖಾಲಿ?"

ಗಂಡ ಹೆಂಡತಿಯ ಕಡೆ ನೋಡಲಿಲ್ಲ. "ಗಡಿಬಿಡೀಲಿ ಬಿಟ್ಟುಹೋಗಿದೆ ಸಾರ್."

"ತುಂಬಿಸಿಬಿಡಿ. ಇಲ್ಲೊಂದು ಹೇಳಿಕೆ ಇದೆ. ಏಳು ತಿಂಗಳು ದಿನಾ ಕೊನೇ ನಲ್ಲೀಲಿ ಪರೀಕ್ಷೆ ಮಾಡಿದ್ದೇವೆ ಅಂತ. ಕೆಳಗೆ ಸಹಿ ಹಾಕಿದ್ರೆ ನೀರಿನ ಕಡೆಯಿಂದ ಫೈಲು ಮುಚ್ಚಿದ ಹಾಗೆ. ಉಳಿದದ್ದು ಆ ಗಾಡಿಯವಳು ಮತ್ತು ಪೊಲೀಸರು."

ಗಂಡ ಪೆನ್ನು ತೆಗೆದುಕೊಂಡ. ಅತ್ತೆ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಸಾರ್," ಎಂದಳು ಟೀಚರಮ್ಮ. ಮತ್ತೊಮ್ಮೆ ಅಂದಳು. "ಸಾರ್, ಕೊನೇ ನಲ್ಲಿ ಅಲ್ಲ. ಈ ನಲ್ಲಿ."

ಅವಳು ಬೆರಳು ಮಾಡಿದ್ದು ಅಡುಗೆಮನೆಯ ಕಡೆ. ಇಂಜಿನಿಯರು ಕನ್ನಡಕ ಹಾಕಿಕೊಂಡು ನಲ್ಲಿಯನ್ನು ನೋಡಿದರು, ಅವಳನ್ನು ನೋಡಿದರು.

"ಏನಮ್ಮಾ ಹೇಳ್ತಿದೀರಾ?"

"ಇವರಲ್ಲ ಸಾರ್, ಪರೀಕ್ಷೆ ಮಾಡ್ತಿದ್ದೋಳು ನಾನು. ಚರ್ಚಿಗೆ ತಡ ಆಗುತ್ತೆ ಅಂತ ಇಲ್ಲಿ ಹಿಡಿದೆ. ಆಮೇಲೆ ಅದೇ ಅಭ್ಯಾಸ ಆಯ್ತು. ಹತ್ತು ದಿನದಿಂದ ಅಲ್ಲಿ ಹೋಗಿ ನೋಡ್ತಿದೀನಿ. ಬಣ್ಣ ಬರ್ತಿಲ್ಲ. ಆ ಗಾಡಿಯವಳದ್ದು ಏನೂ ತಪ್ಪಿಲ್ಲ."

ಇಂಜಿನಿಯರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೆದರಿಕೊಂಡಿದೀರಿ ನೀವು. ನೋಡಿ, ಎಲ್ಲೋ ಒಂದೆರಡು ದಿನ ಹಾಗಾಗಿರ್ಬಹುದು, ಎಲ್ಲರ ಮನೇಲೂ ಆಗುತ್ತೆ. ಒಂದೆರಡು ದಿನ ಅಂತ ಬರ್ಕೊಳ್ಲಾ? ಪೈಪೂ ಅಗೆಸ್ತೀನಿ, ನಿಮಗೂ ತೊಂದರೆ ಇಲ್ಲ."

ಗಂಡ ಈಗ ತಲೆ ಎತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು. ಮಗಳು ಕೋಣೆಯ ಪರದೆ ಹಿಡಿದುಕೊಂಡಿದ್ದಳು.

"ಏಳು ತಿಂಗಳು ಸಾರ್," ಎಂದಳು ಟೀಚರಮ್ಮ.

ಗಂಡ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. "ಸಹಿ ನಂದೇ ಸಾರ್," ಎಂದ. "ನೋಡದೆ ಹಾಕಿದ್ದೂ ನಾನೇ."

ಅತ್ತೆ ಚಹಾ ಮೇಜಿನ ಮೇಲಿಟ್ಟು ಹೊರಗೆ ಹೋದರು. ಇನ್ನು ಅಳುತ್ತಾರೆ, ಶಪಿಸುತ್ತಾರೆ ಎಂದುಕೊಂಡಳು ಸೊಸೆ. ನೋಡಿದರೆ ಮುದುಕಿ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹುಡುಕುತ್ತಿದ್ದರು.

"ಎಲ್ಲಿಗಜ್ಜಿ?" ಎಂದಳು ಮಗಳು.

"ಸಾಹೇಬ್ರು ಕಣ್ಣಾರೆ ನೋಡ್ಲಿ. ಕೊನೇ ನಲ್ಲಿ ದಾರಿ ಅವರಿಗೇನು ಗೊತ್ತು? ಪೆಟ್ಟಿಗೆ ತಗೋ," ಎಂದರು ಅತ್ತೆ. ಸೊಸೆಯ ಮುಖ ನೋಡದೆ, "ಮಂಚ ಹೊರೋಕೆ ಇಬ್ಬರು ಬೇಕು. ಈಗಲೇ ಹೇಳಿದೀನಿ," ಎಂದರು.

ಆ ದಿನವೇ ಕೆಳಬೀದಿಗೆ ಟ್ಯಾಂಕರಿನಲ್ಲಿ ನೀರು ಬಂತು. ಸೋಮವಾರ ಚರಂಡಿಯ ಕೆಳಗೆ ಅಗೆದರು. ಚರಂಡಿ ಕೆಲಸದವರ ಹಾರೆ ಬಿದ್ದು ಪೈಪಿನಲ್ಲಿ ಅಂಗೈ ಹೋಗುವಷ್ಟು ಸೀಳು. ಅಗೆದವರು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ವಿಷಯ ತಿಳಿದಿದ್ದ ಬೀದಿಯವರು ಸುತ್ತ ನಿಂತು ನೋಡಿದರು. ಟೀಚರಮ್ಮನೂ ಅಲ್ಲೇ ನಿಂತಿದ್ದಳು, ಅವಳ ಸುತ್ತ ಎರಡಾಳು ಜಾಗ ಖಾಲಿ. ಯಾರೋ ಕಲ್ಲೆಸೆದರು. ಅದು ಅವಳ ಪಾದದ ಹತ್ತಿರ ಬಿತ್ತು. ಮೊಟ್ಟೆ ಗಾಡಿಯವಳು ಮುಂದೆ ಬಂದು, "ಕಲ್ಲು ಹೊಡೆಯೋರು ಮೊದಲು ನನ್ನ ಗಾಡಿ ಮೇಲಿನ ಬರಹ ಅಳಿಸಿ," ಎಂದು ಗಂಟಲು ಹರಿಯುವಂತೆ ಕೂಗಿದಳು. ಆಮೇಲೆ ಟೀಚರಮ್ಮನ ಕಡೆ ತಿರುಗಿ, "ನಿನ್ನ ಪರವಾಗಿ ಹೇಳಿದ್ದಲ್ಲ," ಎಂದು ಹೊರಟುಹೋದಳು.

ಗಂಡನನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆ ಮುಗಿಯುವ ತನಕ ಸಂಬಳವಿಲ್ಲ. ಮನೆಯ ವಿಷಯ ಕಾಗದದಲ್ಲಿ ತಿಳಿಸುತ್ತೇವೆ ಎಂದರು. ವಾಲ್ವ್ ತಿರುಗಿಸಲು ಪಕ್ಕದ ಟ್ಯಾಂಕಿನಿಂದ ಒಬ್ಬ ಬರತೊಡಗಿದ. ಅವನಿಗೆ ಅಷ್ಟಕ್ಕೇ ಹೊತ್ತು ಸಾಲದು. "ಹೊಸಬರು ಬರೋವರೆಗೆ ಪರೀಕ್ಷೆ ನೀವೇ ಮಾಡಿ," ಎಂದರು ಇಂಜಿನಿಯರು ಅವಳಿಗೆ, ಮೆದು ಮಾತು ಬಿಟ್ಟು. "ಆದ್ರೆ ನಿಮ್ಮ ಬರಹ ನಾನು ನಂಬಲ್ಲ. ನಲ್ಲಿ ಹತ್ತಿರದವರೊಬ್ಬರು ಕಣ್ಣಾರೆ ನೋಡಿ ಸಹಿ ಹಾಕ್ಬೇಕು."

ನಲ್ಲಿ ಹತ್ತಿರದವರು ಎಂದರೆ ಇಸ್ತ್ರಿಯಮ್ಮ.

ಮಕ್ಕಳ ಕ್ಲಾಸನ್ನು ಅವಳು ತಾನಾಗಿ ಬಿಟ್ಟಳು. ಪಾಸ್ಟರು ಬಿಡು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಮನೆಯಲ್ಲಿ ಗಂಡ ಕಡಿಮೆ ಮಾತಾಡುತ್ತಿದ್ದ. ಕಟ್ಟಡದ ಕೆಲಸಕ್ಕೆ ಹೋಗಿ ಸಿಮೆಂಟು ಮೆತ್ತಿಕೊಂಡು ಬರುತ್ತಿದ್ದ. ಅತ್ತೆ ಪೆಟ್ಟಿಗೆ ಒಂದಕ್ಕೆ ಬಟ್ಟೆ ಮಡಿಚಿ ತುಂಬಿ, ಬೇಕಾದಾಗ ಬಿಚ್ಚಿ ತೆಗೆದು, ಮತ್ತೆ ತುಂಬಿ ಇಡುತ್ತಿದ್ದರು. ಅಂಚೆಯವನು ಗೇಟು ದಾಟಿ ಮುಂದೆ ಹೋದರೆ ಆ ದಿನ ಎಲ್ಲರಿಗೂ ಒಂದು ತುತ್ತು ಹೆಚ್ಚು ಇಳಿಯುತ್ತಿತ್ತು.

ಇಸ್ತ್ರಿಯಮ್ಮ ಮೊದಲ ದಿನ ಬಾಗಿಲು ತೆಗೆಯಲಿಲ್ಲ. ಎರಡನೇ ದಿನ ತೆಗೆದು, ನೋಡಿ, ಮುಚ್ಚಿದಳು. ಟೀಚರಮ್ಮ ನಲ್ಲಿಯ ಕಟ್ಟೆಯ ಮೇಲೆ ಕೊಳವೆಯನ್ನು ಎದ್ದು ಕಾಣುವಂತೆ ಇಟ್ಟು ದೂರ ನಿಂತಳು. ಮೂರನೇ ದಿನ ಮುದುಕಿ ಹೊರಬಂದು ಅವಳ ಕೈಯಿಂದ ಪೆಟ್ಟಿಗೆಯನ್ನೇ ಕಿತ್ತುಕೊಂಡಳು.

"ನೀನು ಹಿಡಿಯೋದು ಬೇಡ. ನಾನೇ ಹಿಡೀತೀನಿ. ಎಷ್ಟು ಹನಿ?"

"ಐದು."

"ದೂರ ನಿಂತ್ಕೋ."

ಅಂದಿನಿಂದ ಅದೇ ನಡೆಯಿತು. ಇಸ್ತ್ರಿಯಮ್ಮ ಹಿಡಿಯುವಳು, ಹನಿ ಬಿಡುವಳು, ಬೆಳಕಿಗೆ ಎತ್ತಿ ನೋಡುವಳು, ಇಸ್ತ್ರಿ ಹಾಕಿದ ಕೈಯಲ್ಲಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವಳು. ಬೇರೆ ಮಾತಿಲ್ಲ. ಟೀಚರಮ್ಮ ಪುಸ್ತಕ ಹಿಡಿದು ನಿಲ್ಲುವಳು. ದಿನಾ ಬರುವಾಗ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಇವತ್ತು ಬಣ್ಣ ಬರದಿದ್ದರೆ?

ಐದನೇ ವಾರದ ಶನಿವಾರ. ಇಸ್ತ್ರಿಯಮ್ಮ ಕೊಳವೆ ಎತ್ತಿ ಹಿಡಿದಾಗ ಬಾಗಿಲ ಸಂದಿಯಿಂದ ಒಂದು ಪುಟ್ಟ ತಲೆ ಇಣುಕಿತು. ಕೆನ್ನೆ ಒಳಗೆ ಹೋಗಿತ್ತು, ಫ್ರಾಕು ಹೆಗಲಿಂದ ಜಾರುತ್ತಿತ್ತು. ಮಡಿಕೆ ಮಾತ್ರ ಮೊದಲಿನಂತೆಯೇ ಚೂಪಾಗಿತ್ತು.

"ಬಣ್ಣ ಬಂತಾ ಅಜ್ಜಿ?" ಎಂದಳು ಚಿಟ್ಟೆ.

"ಒಳಗೆ ಹೋಗು. ಗಾಳಿ ಇದೆ."

"ಬಂತಾ?"

"ಬರುತ್ತೆ ಇರು." ಮೂವರೂ ಕೊಳವೆಯನ್ನೇ ನೋಡಿದರು. ತಳದಿಂದ ಮೆಲ್ಲನೆ ತೆಳ್ಳನೆಯ ಹಳದಿ ಏರಿ ಬಂತು, ನೋಡಿದರೆ ಇದೆ ನೋಡದಿದ್ದರೆ ಇಲ್ಲ ಎನ್ನುವಷ್ಟು.

ಇಸ್ತ್ರಿಯಮ್ಮ ಹೆಬ್ಬೆಟ್ಟು ಒತ್ತಿ, ಕೊಳವೆ ತೊಳೆದು, ಪೆಟ್ಟಿಗೆ ಹಿಂದಕ್ಕೆ ಕೊಟ್ಟಳು. ಒಳಗೆ ಹೋಗುತ್ತಿದ್ದವಳು ಹೊಸ್ತಿಲಲ್ಲಿ ನಿಂತು, ತಿರುಗದೆ ಕೇಳಿದಳು.

"ನಾಳೆ ಎಷ್ಟೊತ್ತಿಗೆ?"

"ಏಳೂವರೆಗೆ."

"ನಾಳೆ ಭಾನುವಾರ."

"ಗೊತ್ತಮ್ಮ," ಎಂದಳು ಟೀಚರಮ್ಮ. "ಏಳೂವರೆಗೇ ಬರ್ತೀನಿ."